ನೊರಿಲ್ಸ್ಕ್‌ನಲ್ಲಿ ಒಂದು ಕಛೇರಿ: ಅಂಟು ಬಿಟ್ಟ ಪಿಟೀಲಿನ ಪ್ರಕರಣ

ಸಂಜೆ 6 ಗಂಟೆಗೆ ಅಕ್ಕ ಪಿಟೀಲಿನ ಪೆಟ್ಟಿಗೆ ತೆರೆದರು. ಕಛೇರಿ ಇದ್ದದ್ದು 7ಕ್ಕೆ. ಹೊರಗೆ ಮೈನಸ್ 31 ಡಿಗ್ರಿ. ಪಿಟೀಲನ್ನು ಎತ್ತಿಕೊಂಡು, ಬೆರಳಿನ ಗೆಣ್ಣಿನಿಂದ ಅಂಚಿನ ಸುತ್ತ ಮೆಲ್ಲಗೆ ತಟ್ಟುತ್ತಾ ಬಂದರು. ಪ್ರತಿ ಕಛೇರಿಗೂ ಮುಂಚೆ ಅವರು ಹೀಗೆ ಮಾಡುತ್ತಾರೆ. ಕೆಳಗಿನ ಎಡಮೂಲೆಗೆ ಬಂದಾಗ ಸದ್ದು ಬದಲಾಯಿತು. ಗಟ್ಟಿಯಾಗಿ ಬರಬೇಕಾದ ಸದ್ದು ಸಡಿಲವಾಗಿ, ಒಡಕಲಾಗಿ ಬಂತು. ದೀಪಕ್ಕೆ ಹಿಡಿದು ನೋಡಿದರು. ಮೇಲಿನ ಹಲಗೆಗೂ ಪಕ್ಕದ ಪಟ್ಟಿಗೂ ನಡುವೆ ಉಗುರು ತೂರುವಷ್ಟು ಬಿರುಕು. ನಾಲ್ಕು ಬೆರಳಿನಷ್ಟು ಉದ್ದಕ್ಕೆ ಅಂಟು ಬಿಟ್ಟಿತ್ತು.

ಆ ಪ್ರವಾಸದ ವ್ಯವಸ್ಥೆಯೆಲ್ಲ ನನ್ನದು. ಟಿಕೆಟ್, ಪರವಾನಗಿ, ಹೋಟೆಲು, ಮೈಕು, ವಾದ್ಯಗಳ ಸಾಗಾಟ, ಎಲ್ಲ. ಹಾಗಾಗಿ ಈ ಪ್ರಕರಣವನ್ನು ನಾನೇ ಬರೆಯಬೇಕು ಅನ್ನಿಸಿದೆ. ತಪ್ಪಿನ ಹೆಚ್ಚಿನ ಪಾಲೂ ನನ್ನದೇ. ಇಂಥ ಊರಿಗೆ ವಾದ್ಯ ಹೊತ್ತು ಹೋಗುವವರಿಗೆ ಇದರಿಂದ ಏನಾದರೂ ಸಿಗಲಿ.

ಊರು ಎಂಥದ್ದು

ನೊರಿಲ್ಸ್ಕ್ ಇರುವುದು ರಷ್ಯಾದ ಉತ್ತರ ತುದಿಯಲ್ಲಿ, ಆರ್ಕ್ಟಿಕ್ ವೃತ್ತದಿಂದ ಸುಮಾರು 300 ಕಿ.ಮೀ. ಆಚೆ. ನಿಕ್ಕಲ್, ತಾಮ್ರ, ಪಲ್ಲೇಡಿಯಂ ಅಗೆದು ಕರಗಿಸುವ ಊರು. ಸುಮಾರು ಒಂದೂಮುಕ್ಕಾಲು ಲಕ್ಷ ಜನ ಇದ್ದಾರೆ. ಆದರೆ ರಷ್ಯಾದ ಬೇರೆ ಭಾಗದಿಂದ ಅಲ್ಲಿಗೆ ರಸ್ತೆಯೂ ಇಲ್ಲ, ರೈಲೂ ಇಲ್ಲ. ಇರುವ ರೈಲು ಹಳಿ ಹತ್ತಿರದ ದುದಿಂಕಾ ಬಂದರಿನ ತನಕ ಮಾತ್ರ. ಜನ ಹೋಗಿಬರುವುದು ಹೆಚ್ಚಾಗಿ ವಿಮಾನದಲ್ಲಿ. ಹಾಗಾಗಿ ಉಳಿದ ರಷ್ಯಾವನ್ನು ಅಲ್ಲಿಯವರು 'ಮತೆರಿಕ್' ಅನ್ನುತ್ತಾರೆ, ಅಂದರೆ ಖಂಡ. ತಾವು ಯಾವುದೋ ದ್ವೀಪದಲ್ಲಿ ಇರುವ ಹಾಗೆ.

ನೆಲ ಸದಾ ಹೆಪ್ಪುಗಟ್ಟಿರುತ್ತದೆ. ಮನೆಯ ಬಿಸಿಗೆ ಆ ನೆಲ ಕರಗಿದರೆ ಮನೆಯೇ ಕುಸಿಯುತ್ತದೆ. ಅದಕ್ಕೇ ಕಟ್ಟಡಗಳನ್ನು ಕಂಬಗಳ ಮೇಲೆ ಎತ್ತಿ ಕಟ್ಟಿದ್ದಾರೆ, ಅಡಿಯಲ್ಲಿ ತಣ್ಣನೆ ಗಾಳಿ ಆಡುತ್ತಿರಲಿ ಅಂತ. ನವೆಂಬರ್ ಕೊನೆಯಿಂದ ಜನವರಿ ನಡುವಿನ ತನಕ ಸೂರ್ಯ ಹುಟ್ಟುವುದೇ ಇಲ್ಲ. ಹಿಮಗಾಳಿ ಎದ್ದರೆ ಅದಕ್ಕೆ 'ಪುರ್ಗಾ' ಅನ್ನುತ್ತಾರೆ. ಪುರ್ಗಾ ಜೋರಾದರೆ ವಿಮಾನ ನಿಲ್ಲುತ್ತದೆ, ಶಾಲೆಗೆ ರಜೆ ಸಿಗುತ್ತದೆ, ಹೊರವಲಯದ ರಸ್ತೆಗಳಲ್ಲಿ ಬಸ್ಸುಗಳು ಹಿಮ ತೆಗೆಯುವ ಯಂತ್ರದ ಹಿಂದೆ ಸಾಲುಗಟ್ಟಿ ಹೋಗುತ್ತವೆ.

ಇನ್ನೊಂದು ವಿಷಯ. 2001ರಿಂದ ಈ ಊರು ವಿದೇಶಿಯರಿಗೆ ಮುಚ್ಚಿದೆ. ವೀಸಾ ಇದ್ದರೆ ಸಾಲದು, ಮುಂಚೆಯೇ ಬೇರೆ ಪರವಾನಗಿ ಬೇಕು. ನಾನು ಅರ್ಜಿ ಹಾಕುವಾಗ ಕೇಳಿದ್ದು ಮೂರು ದಿನಕ್ಕೆ, 2018ರ ನವೆಂಬರ್ 28ರಿಂದ 30ರ ತನಕ. ಒಂದು ಕಛೇರಿಗೆ ಮೂರು ದಿನ ಸಾಕಲ್ವಾ ಅಂದುಕೊಂಡಿದ್ದೆ. ನನ್ನ ಮೊದಲ ತಪ್ಪು ಇದೇ.

ಹೋಗುವ ದಾರಿ

ನಾವು ಮೂರು ಜನ. ಅಕ್ಕ ಪಿಟೀಲು ಸೋಲೋ. ಮೃದಂಗಕ್ಕೆ ಅವರ ಜತೆ ಎಷ್ಟೋ ವರ್ಷದಿಂದ ನುಡಿಸುತ್ತಿರುವ ಹಿರಿಯ ವಿದ್ವಾಂಸರು. ಅವರನ್ನು ನಾವೆಲ್ಲ ಸರ್ ಅಂತಲೇ ಕರೆಯುತ್ತೇವೆ. ಮೂರನೆಯವನು ನಾನು. ತಂಬೂರಿ ಒಯ್ಯಲಿಲ್ಲ, ಶ್ರುತಿ ಪೆಟ್ಟಿಗೆ ಇಟ್ಟುಕೊಂಡೆವು.

27ರ ರಾತ್ರಿ ಮಾಸ್ಕೋ ಬಿಟ್ಟೆವು. ನೊರಿಲ್ಸ್ಕ್‌ಗೆ ಅಲ್ಲಿಂದ ಸುಮಾರು ನಾಲ್ಕು ಗಂಟೆ ಹಾರಾಟ. 28ರ ಬೆಳಿಗ್ಗೆ ಇಳಿಯುವುದು, ಆ ದಿನ ಪೂರ್ತಿ ವಾದ್ಯಗಳಿಗೂ ನಮಗೂ ವಿಶ್ರಾಂತಿ, 29ಕ್ಕೆ ಕಛೇರಿ, 30ಕ್ಕೆ ವಾಪಸ್. ಇದು ಕಾಗದದ ಮೇಲಿನ ಲೆಕ್ಕ. ಅಲಿಕೆಲ್ ವಿಮಾನ ನಿಲ್ದಾಣ ಪುರ್ಗಾದಿಂದ ಮುಚ್ಚಿತ್ತು. ವಿಮಾನ ಕ್ರಾಸ್ನೊಯಾರ್ಸ್ಕ್‌ಗೆ ತಿರುಗಿತು. ಅದು ನೊರಿಲ್ಸ್ಕ್‌ನಿಂದ 1,500 ಕಿ.ಮೀ. ದಕ್ಷಿಣಕ್ಕಿದೆ. ಅಲ್ಲಿ ಇಡೀ ಒಂದು ದಿನ, ಒಂದು ರಾತ್ರಿ ಕಾದೆವು. ಹೋಟೆಲಿನ ಕೋಣೆ ಒಲೆಯ ಹಾಗೆ ಬಿಸಿ. ಬೆಳಿಗ್ಗೆ ಎದ್ದಾಗ ನಮ್ಮ ಮೂವರ ತುಟಿಯೂ ಒಡೆದಿತ್ತು. ತುಟಿ ಒಡೆಯುವ ಗಾಳಿ ಮರವನ್ನು ಬಿಡುತ್ತದಾ? ಆ ಹೊತ್ತಿಗೇ ನನಗೆ ಇದು ಹೊಳೆಯಬೇಕಿತ್ತು.

29ರ ಮಧ್ಯಾಹ್ನ 2ಕ್ಕೆ ಅಲಿಕೆಲ್‌ನಲ್ಲಿ ಇಳಿದಾಗ ಆಗಲೇ ಮುಸ್ಸಂಜೆಯ ಬೆಳಕು. ಪಿಟೀಲು ಅಕ್ಕನ ಜತೆ ವಿಮಾನದ ಒಳಗೇ ಬಂದಿತ್ತು. ಮೃದಂಗ ಸಾಮಾನಿನ ಜತೆ ಬಂದು, ಬಯಲಲ್ಲಿ ಗಾಡಿಯ ಮೇಲೆ ಸುಮಾರು ಹೊತ್ತು ನಿಂತಿತ್ತು. ಅಲ್ಲಿಂದ ಊರಿಗೆ ಮೂವತ್ತೈದು ಕಿ.ಮೀ. ಸಭಾಂಗಣ ಮುಟ್ಟುವಾಗ ಪೌಣೇ ನಾಲ್ಕು.

ತಪ್ಪು ಆದದ್ದು ಎಲ್ಲಿ

ಚಳಿಯಲ್ಲಿ ಬಂದ ವಾದ್ಯದ ಪೆಟ್ಟಿಗೆಯನ್ನು ಬಂದ ಕೂಡಲೇ ತೆರೆಯಬಾರದು. ಮುಚ್ಚಿದ ಹಾಗೇ ಕೋಣೆಯಲ್ಲಿಟ್ಟು ಮೂರು ನಾಲ್ಕು ಗಂಟೆ ಬಿಡಬೇಕು. ಒಳಗಿನ ಮರ ನಿಧಾನವಾಗಿ ಬಿಸಿಯಾಗಬೇಕು. ಇದು ನನಗೆ ಗೊತ್ತಿತ್ತು. ಆದರೆ ಸಮಯ ಇರಲಿಲ್ಲ. ಬೇಗ ಬಿಸಿಯಾಗಲಿ ಅಂತ ನಾನು ಪೆಟ್ಟಿಗೆಯನ್ನು ಗೋಡೆಯ ಹೀಟರ್‌ನ ಪಕ್ಕದಲ್ಲೇ ಇಟ್ಟೆ. ಯಾರನ್ನೂ ಕೇಳಲಿಲ್ಲ.

ಚಳಿಗಿಂತ ಜಾಸ್ತಿ ಹಾನಿ ಮಾಡುವುದು ಒಣಗಾಳಿ. ಮೈನಸ್ 30ರ ಗಾಳಿಯಲ್ಲಿ ಒಂದು ಘನ ಮೀಟರಿಗೆ ಅರ್ಧ ಗ್ರಾಂ ನೀರಾವಿ ಕೂಡ ನಿಲ್ಲುವುದಿಲ್ಲ. ಅದೇ ಗಾಳಿಯನ್ನು ಒಳಗೆ ತಂದು 22 ಡಿಗ್ರಿಗೆ ಬಿಸಿ ಮಾಡಿದರೆ ಅದಕ್ಕೆ 19 ಗ್ರಾಂ ತನಕ ಹಿಡಿಯುವ ಶಕ್ತಿ ಬರುತ್ತದೆ. ನೀರು ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಅದು ಸಿಕ್ಕಿದ ಕಡೆಯಿಂದೆಲ್ಲ ನೀರು ಹೀರುತ್ತದೆ. ನಮ್ಮ ಚರ್ಮದಿಂದ, ಮರದಿಂದ, ಮೃದಂಗದ ತೊಗಲಿನಿಂದ. ಪಿಟೀಲಿಗೆ ಶೇ. 40ರಿಂದ 60ರಷ್ಟು ತೇವ ಇದ್ದರೆ ಹಿತ. ಆ ಕೋಣೆಯಲ್ಲಿ ನನ್ನ ಪುಟ್ಟ ಮಾಪಕ ತೋರಿಸಿದ್ದು ಶೇ. 12. ಹೀಟರ್ ಪಕ್ಕದಲ್ಲಿ ಇನ್ನೂ ಕಡಿಮೆ ಇತ್ತೇನೋ.

ಮರ ಒಣಗಿದಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ನಾರಿನ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಪಿಟೀಲಿನ ಮೇಲಿನ ಹಲಗೆ ಅಗಲದಲ್ಲಿ ಕಿರಿದಾಗಲು ಎಳೆಯುತ್ತದೆ. ಪಕ್ಕದ ಪಟ್ಟಿಗಳು ಬಿಡುವುದಿಲ್ಲ. ಎರಡರ ಜಗಳದಲ್ಲಿ ಯಾವುದಾದರೂ ಒಂದು ಸೋಲಬೇಕು. ನಮ್ಮಲ್ಲಿ ಸೋತದ್ದು ಅಂಟು.

ಅಕ್ಕ ನನ್ನ ಮೇಲೆ ರೇಗಲಿಲ್ಲ. "ಕಮಾನು ಎಳೆದರೆ ಗುಂಯ್ ಅಂತ ಅದುರುತ್ತೆ. ಇದರಲ್ಲಿ ನುಡಿಸೋಕಾಗಲ್ಲ," ಅಂದರು ಅಷ್ಟೇ. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ನನಗೆ.

ಆ ಕಡೆ ಸರ್ ಮೃದಂಗ ತೆಗೆದಿದ್ದರು. ಅವರಿಗೆ ಬೇರೆಯದೇ ಕಷ್ಟ. ಬಲಮುಖದ ತೊಗಲು ಒಣಗಿ ಬಿಗಿದುಕೊಂಡು ಶ್ರುತಿ ಮೇಲಕ್ಕೆ ಏರುತ್ತಲೇ ಇತ್ತು. ಕಲ್ಲು ಹಿಡಿದು ಅಂಚಿಗೆ ಕೆಳಗಿನಿಂದ ಮೇಲಕ್ಕೆ ತಟ್ಟಿ ತಟ್ಟಿ ಇಳಿಸುತ್ತಿದ್ದರು. ಹತ್ತು ನಿಮಿಷಕ್ಕೆ ಮತ್ತೆ ಏರುತ್ತಿತ್ತು. ನಾದಕ್ಕಾಗಿ ಎಡಮುಖಕ್ಕೆ ಹಚ್ಚಿದ ಒದ್ದೆ ರವೆಯ ಮುದ್ದೆ ಇಡೀ ಕಛೇರಿ ಮೆತ್ತಗೆ ಇರಬೇಕಾದದ್ದು. ಇಲ್ಲಿ ಕಾಲು ಗಂಟೆಯಲ್ಲಿ ಹಪ್ಪಳದಂತೆ ಒಣಗಿ ಅಂಚು ಏಳುತ್ತಿತ್ತು. ಅವರು ಒಂದು ಲೋಟ ನೀರು ಪಕ್ಕಕ್ಕಿಟ್ಟುಕೊಂಡು, "ನನ್ನದು ಹೇಗೋ ಆಗುತ್ತಪ್ಪ, ನೀನು ಅವರದ್ದು ನೋಡು," ಅಂದರು.

ಎರವಲು ಪಿಟೀಲು

ಸಂಘಟಕರ ಕಡೆಯಿಂದ ಒಬ್ಬ ದುಭಾಷಿ ಹುಡುಗ ನಮ್ಮ ಜತೆ ಇದ್ದ. ವಿಷಯ ಹೇಳಿದೆ. ಅವನು ಸಭಾಂಗಣದ ಬಾಗಿಲಿನತ್ತ ಓಡಿದ. ಐದು ನಿಮಿಷಕ್ಕೆ ಒಬ್ಬ ಮಹಿಳೆಯನ್ನು ಕರೆದುಕೊಂಡು ಬಂದ. ಊರಿನ ಸಂಗೀತ ಶಾಲೆಯಲ್ಲಿ ಪಿಟೀಲು ಕಲಿಸುವ ಟೀಚರ್. ಪುರ್ಗಾದಿಂದ ಆ ದಿನ ಶಾಲೆಗೆ ರಜೆ ಕೊಟ್ಟಿದ್ದರು. ಮಧ್ಯಾಹ್ನ ಗಾಳಿ ತಗ್ಗಿದ್ದರಿಂದ ಅವರು ಮಕ್ಕಳನ್ನು ಕಟ್ಟಿಕೊಂಡು ಒಂದು ಗಂಟೆ ಮುಂಚೆಯೇ ಬಂದು ಕೂತಿದ್ದರು.

ಅವರು ಪಿಟೀಲಿನ ಬಿರುಕಿನ ಮೇಲೆ ಬೆರಳಾಡಿಸಿ ನೋಡಿದರು. ಅವರ ಮುಖದಲ್ಲಿ ಗಾಬರಿ ಇರಲಿಲ್ಲ. "ಒಳ್ಳೆಯದೇ ಆಯಿತು, ಮರ ಸೀಳಿಲ್ಲ," ಅಂದರು. ಪಿಟೀಲು ಕಟ್ಟುವವರು ಬಳಸುವುದು ಪ್ರಾಣಿಯ ಚರ್ಮದಿಂದ ಮಾಡಿದ ಅಂಟು. ಅದಕ್ಕಿಂತ ಗಟ್ಟಿಯಾದ ಅಂಟುಗಳು ಸಿಗುತ್ತವೆ. ಆದರೂ ಬೇಕೆಂದೇ ಇದನ್ನು ಹಾಕುತ್ತಾರೆ. ಒತ್ತಡ ಬಿದ್ದಾಗ ಮರಕ್ಕಿಂತ ಮೊದಲು ಅಂಟು ಬಿಡಲಿ ಅಂತ. ಅಂಟನ್ನು ಮತ್ತೆ ಹಾಕಬಹುದು, ಸೀಳಿದ ಹಲಗೆಯನ್ನು ಮೊದಲಿನಂತೆ ಮಾಡುವುದು ಕಷ್ಟ. ಆ ಊರಿನಲ್ಲಿ ಇದು ಮಾಮೂಲು ಅಂದರು. ಅವರ ಶಾಲೆಯಲ್ಲಿ ಯಾವ ವಾದ್ಯವನ್ನೂ ಹೊರಗೋಡೆಯ ಪಕ್ಕ, ಹೀಟರ್ ಪಕ್ಕ ಇಡುವುದಿಲ್ಲ. ಒಳಗಿನ ಒಂದು ಕೋಣೆಯಲ್ಲಿ, ಅಗಲವಾದ ಪಾತ್ರೆಯಲ್ಲಿ ನೀರು ತುಂಬಿಟ್ಟು, ಅಲ್ಲೇ ಎಲ್ಲವನ್ನೂ ಇಡುತ್ತಾರೆ. ಪ್ರತಿ ಪೆಟ್ಟಿಗೆಯಲ್ಲೂ ಹಿಂಡಿದ ಒದ್ದೆ ಸ್ಪಂಜು ಒಂದು ತೂತುಳ್ಳ ಡಬ್ಬಿಯೊಳಗೆ ಇರುತ್ತದೆ.

ಆಮೇಲೆ ಅವರು ತಮ್ಮ ಪಿಟೀಲನ್ನೇ ಕೊಡುವುದಾಗಿ ಹೇಳಿದರು. ಮನೆ ಎರಡು ಬೀದಿ ಆಚೆ. ಹುಡುಗ ಅವರ ಜತೆ ಹೋಗಿ, ಪೆಟ್ಟಿಗೆಯನ್ನು ಕೋಟಿನ ಒಳಗೆ ಅಪ್ಪಿಕೊಂಡು ತಂದ.

ಇಲ್ಲಿಂದ ಮುಂದಿನ ಅರ್ಧ ಗಂಟೆ ನನಗೆ ಚೆನ್ನಾಗಿ ನೆನಪಿದೆ. ಅವರ ಪಿಟೀಲಿನ ಶ್ರುತಿ ಪಾಶ್ಚಾತ್ಯ ಪದ್ಧತಿಯದು. ನಮ್ಮದು ಸ-ಪ-ಸ-ಪ. ಅಕ್ಕ ನುಡಿಸುವ ಶ್ರುತಿಗೆ ನಾಲ್ಕೂ ತಂತಿಯನ್ನು ಬಹಳ ಕೆಳಗಿಳಿಸಬೇಕು. ಅವರ ತಂತಿಗಳನ್ನು ಅಷ್ಟು ಇಳಿಸಿದರೆ ಸಡಿಲವಾಗಿ ಜೋತುಬಿದ್ದು ನಾದವೇ ಬರುವುದಿಲ್ಲ. ಅಕ್ಕನ ಪಿಟೀಲಿನ ದಪ್ಪ ತಂತಿಗಳನ್ನೇ ಅದಕ್ಕೆ ಹಾಕಬೇಕಾಯಿತು. ಹೊಸ ತಂತಿ ಆಗುತ್ತಿರಲಿಲ್ಲ, ಅದು ಹಿಗ್ಗುತ್ತಲೇ ಇರುತ್ತದೆ. ಪಳಗಿದ ತಂತಿಯೇ ಬೇಕು. ನಾಲ್ಕನ್ನೂ ಒಟ್ಟಿಗೆ ಬಿಚ್ಚುವಂತಿಲ್ಲ. ಬಿಚ್ಚಿದರೆ ತಂತಿಗಳನ್ನು ಹೊತ್ತು ನಿಂತ ಕುದುರೆ ಬೀಳುತ್ತದೆ, ಒಳಗೆ ನಿಂತಿರುವ ಕಡ್ಡಿಯೂ ಬೀಳಬಹುದು. ಆಮೇಲೆ ಯಾರಿಂದಲೂ ಆ ಸಂಜೆ ಅದನ್ನು ನಿಲ್ಲಿಸಲು ಆಗುತ್ತಿರಲಿಲ್ಲ. ಇಬ್ಬರೂ ನೆಲದ ಮೇಲೆ ಎದುರುಬದುರು ಕೂತು ಒಂದು ತೆಗೆದು ಒಂದು ಹಾಕಿದರು. ಅಕ್ಕ ಬಿಚ್ಚಿ ಕೊಟ್ಟದ್ದನ್ನು ಟೀಚರ್ ಹಾಕುತ್ತಿದ್ದರು, ಟೀಚರ್ ಬಿಚ್ಚಿದ್ದನ್ನು ಅಕ್ಕ ತಮ್ಮ ಪಿಟೀಲಿಗೆ ಸಡಿಲವಾಗಿ ಸುತ್ತುತ್ತಿದ್ದರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ. ದುಭಾಷಿ ಹುಡುಗ ಸುಮ್ನೆ ನಿಂತಿದ್ದ. ಅವನ ಕೆಲಸವೇ ಬೀಳಲಿಲ್ಲ.

ಒಂದೇ ಒಂದು ಕಡೆ ಅವನು ಬೇಕಾದ. ನಮ್ಮಲ್ಲಿ ಗಮಕಕ್ಕೆ ಬೆರಳು ಜಾರಬೇಕು ಅಂತ ಎಡಗೈ ಬೆರಳಿಗೆ ಚೂರು ಎಣ್ಣೆ ಮುಟ್ಟಿಸುತ್ತೇವೆ. ಇನ್ನೊಬ್ಬರ ವಾದ್ಯಕ್ಕೆ ಎಣ್ಣೆ ತಾಗಿಸುವುದು ಹೇಗೆ? ಅಕ್ಕ ಕೇಳಿಸಿದರು. ಟೀಚರ್ ಕ್ಷಣ ಯೋಚಿಸಿ, ಹಲಗೆಗೆ ತಾಗದಿದ್ದರೆ ಸಾಕು, ನುಡಿಸಿ ಅಂದರು. ಅಕ್ಕ ನೆಲದಲ್ಲಿ ಕೂತು ಪಿಟೀಲಿನ ಸುರುಳಿಯನ್ನು ಪಾದದ ಮೇಲೆ ಊರಿದಾಗ ಮಾತ್ರ ಅವರು ಒಮ್ಮೆ ಉಸಿರು ಹಿಡಿದರು. ತಮ್ಮ ಪಿಟೀಲು ಕಾಲಿನ ಮೇಲೆ! ಅಕ್ಕ ಮೊದಲ ಸ-ಪ ಎಳೆದರು. ನಾದ ತುಂಬಿ ಬಂತು. ಟೀಚರ್ ತಲೆಯಾಡಿಸಿದರು.

ಆ ಪಿಟೀಲಿನ ತಂತಿ ಬಿಗಿಯುವ ಬಿರಡೆಗಳು ಒಮ್ಮೆಯೂ ಜಾರಲಿಲ್ಲ. ಒಣಗಾಳಿಯಲ್ಲಿ ಬಿರಡೆ ಕುಗ್ಗಿ ಸರ್ರನೆ ಬಿಚ್ಚಿಕೊಳ್ಳುವುದು ಸಾಮಾನ್ಯ. ಆದರೆ ಆ ಮರ ಎಷ್ಟೋ ಚಳಿಗಾಲ ಅಲ್ಲೇ ಕಳೆದು ಆ ಗಾಳಿಗೆ ಒಗ್ಗಿಹೋಗಿತ್ತು.

ಕಛೇರಿ

7 ಗಂಟೆಗೆ ಸಭಾಂಗಣ ಅರ್ಧ ಖಾಲಿ. ನನಗೆ ಹೊಟ್ಟೆಯಲ್ಲಿ ತಳಮಳ. ಸಂಘಟಕರು ಶಾಂತವಾಗಿದ್ದರು. ತಲ್ನಾಖ್ ಕಡೆಯಿಂದ ಬಸ್ಸುಗಳು ಸಾಲಿನಲ್ಲಿ ಬರುತ್ತಿವೆ, ಕಾಯೋಣ ಅಂದರು. ತಲ್ನಾಖ್ ಗಣಿಗಳಿರುವ ಬಡಾವಣೆ, ಸುಮಾರು 25 ಕಿ.ಮೀ. ದೂರ. 7.40ಕ್ಕೆ ಬಸ್ಸು ಬಂತು. ಆದರೂ ಯಾರೂ ಒಳಗೆ ನುಗ್ಗಲಿಲ್ಲ. ಎಲ್ಲರೂ ಭಾರದ ಕೋಟು ಕಳಚಿ ಒಪ್ಪಿಸಿ ಚೀಟಿ ಪಡೆದರು. ಹಿಮದ ಬೂಟು ತೆಗೆದು ಚೀಲದಿಂದ ಬೇರೆ ಚಪ್ಪಲಿ, ಬೂಟು ಹಾಕಿಕೊಂಡರು. ಕನ್ನಡಿ ಮುಂದೆ ಕೂದಲು ಸರಿ ಮಾಡಿಕೊಂಡರು. ಗಣಿ ಪಾಳಿ ಮುಗಿಸಿ ಬಂದವರು ಮದುವೆಗೆ ಬಂದವರ ಹಾಗೆ ಕಾಣುತ್ತಿದ್ದರು. 8.05ಕ್ಕೆ ಶುರುವಾಯಿತು. ಆ ಒಂದು ಗಂಟೆ ನಮಗೆ ಸಿಗದೇ ಹೋಗಿದ್ದರೆ ಎರವಲು ಪಿಟೀಲು ಶ್ರುತಿಗೆ ನಿಲ್ಲುತ್ತಲೇ ಇರಲಿಲ್ಲ.

ಇನ್ನೊಂದು ಸಣ್ಣ ತೊಂದರೆ. ಅಕ್ಕನದು ರೇಷ್ಮೆ ಸೀರೆ, ವೇದಿಕೆಗೆ ಉಣ್ಣೆಯ ಜಮಖಾನ, ಗಾಳಿ ಒಣ. ಮೈಕಿನ ಕಂಬ ಮುಟ್ಟಿದರೆ ಚಟ್ ಅಂತ ಕಿಡಿ, ಸ್ಪೀಕರ್‌ನಲ್ಲಿ ಪಟ್ ಅಂತ ಸದ್ದು. ಜಮಖಾನದ ಮೇಲೆ ನೀರು ಚಿಮುಕಿಸಿದೆವು. ನಿಂತಿತು. ಸರ್ ಪಕ್ಕದಲ್ಲಿ ನೀರಿನ ಲೋಟ ಹಾಗೇ ಇತ್ತು. ಪ್ರತಿ ರಚನೆ ಮುಗಿದ ಮೇಲೆ ಅವರು ಬೆರಳು ಅದ್ದಿ ರವೆಯ ಮೇಲೆ ಸವರುತ್ತಿದ್ದರು. ಸಭಿಕರು ಅದನ್ನೂ ಗಮನವಿಟ್ಟು ನೋಡುತ್ತಿದ್ದರು.

ಅಕ್ಕ ಹಂಸಧ್ವನಿಯಲ್ಲಿ ಶುರು ಮಾಡಿದರು. ಮುಖ್ಯ ರಾಗ ಕಲ್ಯಾಣಿ. ಅಂದುಕೊಂಡಿದ್ದಕ್ಕಿಂತ ಆಲಾಪನೆ ನಿಧಾನವಾಯಿತು. ಪಿಟೀಲು ಹೊಸದು, ಅದರ ಸ್ವಭಾವ ತಿಳಿಯಬೇಕಲ್ಲ. ಪ್ರತಿ ಸ್ವರದ ಮೇಲೆ ನಿಂತು, ಕೇಳಿ, ಮುಂದೆ ಹೋಗುತ್ತಿದ್ದರು. ಅವರ ಎಷ್ಟೋ ಕಲ್ಯಾಣಿ ಕೇಳಿದ್ದೇನೆ. ಅಂಥದ್ದನ್ನು ಕೇಳಿರಲಿಲ್ಲ. ಸಭೆಯಲ್ಲಿ ಒಂದು ಕೆಮ್ಮೂ ಇಲ್ಲ. ತನಿ ಆವರ್ತನ, ಅಂದರೆ ಮೃದಂಗವೊಂದೇ ನುಡಿಯುವ ಭಾಗ, ಮುಗಿದಾಗ ಎಲ್ಲರೂ ಒಂದೇ ಲಯದಲ್ಲಿ ಚಪ್ಪಾಳೆ ತಟ್ಟತೊಡಗಿದರು. ಅದು ಅಲ್ಲಿನ ರೂಢಿ. ಸರ್ ಕ್ಷಣ ಕೇಳಿ, ಆ ಚಪ್ಪಾಳೆಯನ್ನೇ ಆದಿತಾಳದ ಎಣಿಕೆಯಾಗಿ ಹಿಡಿದು ಇನ್ನೊಂದು ಮುಕ್ತಾಯ ನುಡಿಸಿದರು. ಮಕ್ಕಳು ಎದ್ದು ನಿಂತುಬಿಟ್ಟರು.

ಹೊರಡುವ ಮುಂಚೆ ನನ್ನ ತಲೆಯಲ್ಲಿ ಇದ್ದದ್ದು ಬೇರೆ ಚಿತ್ರ. ಸಂಗೀತ ಸಿಗದ ಊರಿಗೆ ನಾವು ಸಂಗೀತ ಒಯ್ಯುತ್ತಿದ್ದೇವೆ ಅಂದುಕೊಂಡಿದ್ದೆ. ಅದು ಅಹಂಕಾರ. ಈ ಊರಿನ ನಾಟಕ ರಂಗಮಂದಿರ 1941ರಲ್ಲೇ ಶುರುವಾದದ್ದು. ಆಗ ಇದು ಕೈದಿಗಳ ಶಿಬಿರವಿದ್ದ ಊರು. ಗಣಿ, ಕಾರ್ಖಾನೆ, ಮನೆಗಳನ್ನೆಲ್ಲ ಕಟ್ಟುವ ದುಡಿಮೆಗೆ ಹಚ್ಚಿದ್ದು ಆ ಕೈದಿಗಳನ್ನೇ. ಶಿಬಿರ 1935ರಿಂದ 1956ರ ತನಕ ಇತ್ತು. ಅಂಥ ಕಾಲದಲ್ಲೂ ಅಲ್ಲಿ ನಾಟಕ ನಡೆಯುತ್ತಿತ್ತು. ಮುಂದೆ ದೇಶಕ್ಕೇ ದೊಡ್ಡ ನಟನಾದ ಇನ್ನೊಕೆಂತಿ ಸ್ಮೊಕ್ತುನೋವ್ಸ್ಕಿ 40ರ ದಶಕದ ಕೊನೆಯಲ್ಲಿ ನಟಿಸುತ್ತಿದ್ದದ್ದು ಈ ಊರಿನ ರಂಗದ ಮೇಲೆ. ಕೇಳುವುದು, ನೋಡುವುದು ಹೇಗೆ ಅಂತ ಇವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಸಂಜೆ ನಮ್ಮ ಕೈಹಿಡಿದದ್ದು ಅಲ್ಲಿನ ಸಂಗೀತ ಶಾಲೆಯೇ.

ಕೊನೆಗೆ ಹೂ ಕೊಡಲು ಬಂದರು. ಆ ಊರಿಗೆ ಹೂವೂ ವಿಮಾನದಲ್ಲೇ ಬರಬೇಕು. ಎರಡು ದಿನದಿಂದ ವಿಮಾನ ಇರಲಿಲ್ಲ, ಅಂಗಡಿಯಲ್ಲಿ ಹೂ ಇರಲಿಲ್ಲ. ಒಬ್ಬ ಹಿರಿಯ ಮಹಿಳೆ ತಮ್ಮ ಮನೆಯ ಕಿಟಕಿಯ ಕುಂಡದಿಂದ ಕೊಯ್ದ ಐದು ನೇರಳೆ ಹೂಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಅಲ್ಲಿ ಬೆಸ ಸಂಖ್ಯೆಯಲ್ಲೇ ಹೂ ಕೊಡುವುದು. ಅಕ್ಕ ಅವನ್ನು ಮುಡಿದುಕೊಂಡರು.

ಮರುದಿನ

ರಾತ್ರಿ ಪಾಳಿಯವರು ಕಛೇರಿಗೆ ಬರಲು ಆಗಿರಲಿಲ್ಲ. ಕರಗಿಸುವ ಕುಲುಮೆ ಹಗಲು ರಾತ್ರಿ ಉರಿಯಲೇಬೇಕು, ಹಾಗಾಗಿ ಊರಿನ ಒಂದು ಪಾಲು ಜನ ಯಾವಾಗಲೂ ಕೆಲಸದಲ್ಲಿರುತ್ತಾರೆ ಅಥವಾ ನಿದ್ದೆಯಲ್ಲಿ. ಇದನ್ನು ಟೀಚರ್ ಹೇಳಿದರು. ಅಕ್ಕ ನನ್ನನ್ನು ನೋಡಿದರು. "ವಿಮಾನ ಸಂಜೆಗಲ್ವಾ?" ನಾನು ಪರವಾನಗಿಯ ಕೊನೆಯ ದಿನದ ಬಗ್ಗೆ ಶುರು ಮಾಡಿದೆ. ಗಾಳಿ ಮತ್ತೆ ಎದ್ದು ವಿಮಾನ ನಿಂತರೆ ಮಧ್ಯರಾತ್ರಿ ಕಳೆದ ಮೇಲೆ ನಾವು ಅನುಮತಿ ಇಲ್ಲದೆ ಅಲ್ಲಿರುತ್ತೇವೆ. ಆ ಭಯ ನಿಜವಾದದ್ದು. ಹತ್ತು ದಿನಕ್ಕೆ ಕೇಳಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಸಂಘಟಕರು ಬೆಳಿಗ್ಗೆಯೇ ಪರವಾನಗಿಯ ಸರ್ಕಾರಿ ಕಚೇರಿಗೆ ಫೋನ್ ಮಾಡಿ, ಹವಾಮಾನದಿಂದ ತಡವಾದರೆ ಏನು ಮಾಡಬೇಕು ಅಂತ ಕೇಳಿಟ್ಟುಕೊಂಡರು. ನನಗೆ ಉಸಿರು ಬಂತು.

30ರ ಬೆಳಿಗ್ಗೆ 10.30ಕ್ಕೆ ಸಂಗೀತ ಶಾಲೆಯ ಒಂದು ಕೋಣೆಯಲ್ಲಿ ನಲವತ್ತು ನಿಮಿಷ ನುಡಿಸಿದರು. ಮೈಕಿಲ್ಲ, ವೇದಿಕೆ ಇಲ್ಲ. ಹೊರಗೆ ಇನ್ನೂ ಮಬ್ಬು, ಗಾಳಿಯಲ್ಲಿ ಗಂಧಕದ ಘಾಟು. ಮೂವತ್ತು ಜನ ಇದ್ದರೇನೋ. ಪಾಳಿಯಿಂದ ನೇರ ಬಂದವರು, ಕಣ್ಣು ಕೆಂಪಾಗಿತ್ತು. ಸಿಂಧುಭೈರವಿ ನುಡಿಸುವಾಗ ಒಬ್ಬರು ಕೂತಲ್ಲೇ ನಿದ್ದೆ ಹೋದರು. ಪಕ್ಕದವರು ಎಬ್ಬಿಸಲು ಹೋದರೆ ಅಕ್ಕ ಬೇಡ ಅಂತ ಕಣ್ಣಲ್ಲೇ ಹೇಳಿದರು.

ಮುಗಿದ ಮೇಲೆ ಒಬ್ಬ ಮೆಕ್ಯಾನಿಕ್ ಮೃದಂಗದ ಮುಂದೆ ಮಂಡಿಯೂರಿ ಕೂತ. ಬಾರುಗಳು ಒಂದು ಮುಖದಿಂದ ಇನ್ನೊಂದಕ್ಕೆ ಹೇಗೆ ಹೋಗಿ ಬರುತ್ತವೆ ಅಂತ ಬೆರಳಿಟ್ಟು ಹಿಂಬಾಲಿಸಿದ. ಒಂದನ್ನು ಬಿಗಿ ಮಾಡಿದರೆ ಉಳಿದದ್ದಕ್ಕೆ ಏನಾಗುತ್ತದೆ ಅಂತ ಕೇಳಿದ. ಸರ್ ತಟ್ಟಿ ತೋರಿಸಿದರು. ಇಬ್ಬರೂ ಕಾಲು ಗಂಟೆ ಅದರಲ್ಲೇ ಮುಳುಗಿದ್ದರು.

ಪಿಟೀಲಿನ ತಂತಿ ವಾಪಸ್ ಬದಲಿಸಲು ಅಕ್ಕ ಕೂತಾಗ ಟೀಚರ್ ತಡೆದರು. ಸೋಮವಾರದ ತನಕ ಹೀಗೇ ಇರಲಿ, ಮಕ್ಕಳು ಈ ಶ್ರುತಿಯಲ್ಲಿ ನುಡಿಸಿ ನೋಡಲಿ ಅಂದರು. ಹಾಗಾಗಿ ಅಕ್ಕನ ತಂತಿಗಳು ನೊರಿಲ್ಸ್ಕ್‌ನಲ್ಲೇ ಉಳಿದವು. ಟೀಚರ ತಂತಿಗಳು ಅಂಟು ಬಿಟ್ಟ ಪಿಟೀಲಿನ ಮೇಲೆ ಸಡಿಲವಾಗಿ ಸುತ್ತಿಕೊಂಡು ಮಾಸ್ಕೋಗೆ ಬಂದವು. ವಿಮಾನ ಎರಡು ಗಂಟೆ ತಡವಾಯಿತು, ಆದರೆ ಮಧ್ಯರಾತ್ರಿಗೆ ಮುಂಚೆ ಏರಿತು. ಮಾಸ್ಕೋದಲ್ಲಿ ಪಿಟೀಲು ರಿಪೇರಿಯವರು ಬಿರುಕಿಗೆ ಬಿಸಿ ಅಂಟು ತುಂಬಿ, ಇಕ್ಕಳ ಹಾಕಿ, ಒಂದು ರಾತ್ರಿ ಇಟ್ಟುಕೊಂಡು ಕೊಟ್ಟರು. ಮುಂದಿನ ಕಛೇರಿಗೆ ಅದೇ ಪಿಟೀಲು.

ವಾರದ ನಂತರ ಟೀಚರ್ ಒಂದು ವಿಡಿಯೊ ಕಳಿಸಿದರು. ಅರ್ಧ ನಿಮಿಷದ್ದು. ಒಬ್ಬ ಹುಡುಗಿ ನೆಲದ ಮೇಲೆ ಕಾಲು ಮಡಚಿ ಕೂತಿದ್ದಾಳೆ. ಪಿಟೀಲಿನ ಸುರುಳಿ ಪಾದದ ಮೇಲಿದೆ. ಪಕ್ಕದಲ್ಲಿ ಅಗಲವಾದ ನೀರಿನ ಪಾತ್ರೆ ಕಾಣುತ್ತದೆ. ಅವಳು ಕಮಾನನ್ನು ಬಹಳ ನಿಧಾನವಾಗಿ ಎಳೆಯುತ್ತಾಳೆ. ಸ, ಪ, ಮೇಲಿನ ಸ. ಅಕ್ಕ ಅದನ್ನು ಮೂರು ಸಲ ನೋಡಿ, "ಕಮಾನು ಇನ್ನೂ ಉದ್ದಕ್ಕೆ ಎಳೆಯೋಕೆ ಹೇಳು," ಅಂತ ನನ್ನಿಂದ ಉತ್ತರ ಬರೆಸಿದರು.